ಸಾಕುಪ್ರಾಣಿಗಳ ಜಂತುಬಾಧೆ: ಮೂಲಿಕೆ, ಮಾತ್ರೆ ಮತ್ತು ಮುನ್ನೆಚ್ಚರಿಕೆ



ಹಳ್ಳಿಯ ಹಟ್ಟಿಯಲ್ಲಿಯೋ ಜಗಲಿಯ ಮೂಲೆಯಲ್ಲಿಯೋ ಮಲಗುತ್ತಿದ್ದ ನಾಯಿ ಇಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಬಹುಮಹಡಿ ಕಟ್ಟಡಗಳಲ್ಲಿ ಮನೆಯೊಳಗೇ ವಾಸಿಸುತ್ತಿದೆ. ಬೆಕ್ಕಿನ ಮಾತಂತೂ ಹೇಳಬೇಕಾಗಿಯೇ ಇಲ್ಲ. ಅದು ಮಕ್ಕಳ ಹಾಸಿಗೆಯಲ್ಲಿಯೇ ಮಲಗುತ್ತದೆ. ಪ್ರಾಣಿಯೊಡನೆ ಮನುಷ್ಯನು ಇಷ್ಟು ನಿಕಟವಾಗಿ ಬಾಳುವಾಗ ಪ್ರಾಣಿಯ ಆರೋಗ್ಯವು ಪ್ರಾಣಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿಯುವುದಿಲ್ಲ. ಆದುದರಿಂದ ನಾಯಿ ಮತ್ತು ಬೆಕ್ಕುಗಳ ಕರುಳಿನಲ್ಲಿ ನೆಲೆಸುವ ಹುಳುಗಳು, ಅವುಗಳಿಗೆ ನಮ್ಮ ಹಿರಿಯರು ಬಳಸಿಕೊಂಡು ಬಂದ ಮೂಲಿಕೆಗಳು, ಇಂದಿನ ಪಶುವೈದ್ಯರು ಕೊಡುವ ಔಷಧಗಳು, ಇವುಗಳ ವಿಷಯವಾಗಿ ಕೆಲವು ಮಾತುಗಳನ್ನು ತಮ್ಮ ಮುಂದೆ ಇಡಬಯಸುತ್ತೇನೆ.

ಈ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ಬಗೆಯ ಧೋರಣೆಗಳಿವೆ. ಗಿಡಮೂಲಿಕೆ ಎಂದ ಮೇಲೆ ಅದರಿಂದ ಅಪಾಯವೇ ಇಲ್ಲ ಎಂಬುದು ಒಂದು. ಹಳೆಯದೆಲ್ಲವೂ ಬರಿಯ ನಂಬಿಕೆ, ಅಂಗಡಿಯಿಂದ ಒಂದು ಮಾತ್ರೆ ತಂದು ನುಂಗಿಸಿದರೆ ಕೆಲಸ ಮುಗಿಯಿತು ಎಂಬುದು ಇನ್ನೊಂದು. ಇವೆರಡೂ ಅರ್ಧಸತ್ಯಗಳೇ. ಯಾವ ಹುಳು, ಎಷ್ಟು ತೂಕದ ಪ್ರಾಣಿ, ಎಷ್ಟು ಅಳತೆಯ ಮದ್ದು, ಯಾವ ಸಮಯ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಕೊಟ್ಟ ಮದ್ದು, ಅದು ಗಿಡದಿಂದ ಬಂದಿರಲಿ ಕಾರ್ಖಾನೆಯಿಂದ ಬಂದಿರಲಿ, ಫಲಕಾರಿಯಾಗಲಾರದು. ಕೆಲವೊಮ್ಮೆ ಪ್ರಾಣಿಯ ಜೀವಕ್ಕೇ ಎರವಾದೀತು.

ಹುಳುಗಳ ಪರಿಚಯ

ನಾಯಿ, ಬೆಕ್ಕುಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಕರುಳಿನ ಹುಳುಗಳು ನಾಲ್ಕು ಬಗೆಯವು: ದುಂಡುಹುಳು, ಕೊಕ್ಕೆಹುಳು, ಚಾಟಿಹುಳು ಮತ್ತು ಲಾಡಿಹುಳು. ಇವಲ್ಲದೆ ಜಿಯಾರ್ಡಿಯಾ, ಕಾಕ್ಸಿಡಿಯಾ ಮೊದಲಾದ ಏಕಕೋಶ ಜೀವಿಗಳೂ ಕರುಳನ್ನು ಬಾಧಿಸುವುದುಂಟು. ಅವು ಹುಳುಗಳಲ್ಲ; ಅವುಗಳ ಚಿಕಿತ್ಸೆಯೂ ಬೇರೆ.

ದುಂಡುಹುಳು ನೋಡಲು ಬಿಳಿಯ ಶ್ಯಾವಿಗೆಯ ಎಳೆಯಂತಿರುತ್ತದೆ. ನಾಯಿಯ ದುಂಡುಹುಳುವಿಗೆ ಟಾಕ್ಸೊಕಾರಾ ಕ್ಯಾನಿಸ್ ಎಂದು ಹೆಸರು. ಇದರ ವಿಶೇಷವೆಂದರೆ, ಮರಿಯು ಹುಟ್ಟುವ ಮೊದಲೇ ತಾಯಿಯಿಂದ ಇದನ್ನು ಪಡೆದಿರುತ್ತದೆ. ಹೆಣ್ಣುನಾಯಿಯ ಮಾಂಸಖಂಡಗಳಲ್ಲಿ ಮರಿಹುಳುಗಳು ವರ್ಷಗಟ್ಟಲೆ ನಿದ್ರಿಸುತ್ತಿದ್ದು, ಅದು ಗರ್ಭ ಧರಿಸಿದಾಗ ಕೊನೆಯ ವಾರಗಳಲ್ಲಿ ಎಚ್ಚೆತ್ತು, ಮಾಸಿನ ಮೂಲಕ ಗರ್ಭದಲ್ಲಿರುವ ಮರಿಗಳನ್ನು ಸೇರುತ್ತವೆ. ಹುಟ್ಟಿದ ಮೇಲೆ ಮೊಲೆಹಾಲಿನ ಮೂಲಕವೂ ಸೇರಬಲ್ಲವು. ಆದುದರಿಂದ ಎಷ್ಟೇ ಶುಚಿಯಾದ ಮನೆಯಲ್ಲಿ ಹುಟ್ಟಿದ ನಾಯಿಮರಿಯಾದರೂ ಅದರ ಹೊಟ್ಟೆಯಲ್ಲಿ ಹುಳುಗಳಿವೆ ಎಂದು ಭಾವಿಸಿಯೇ ವ್ಯವಹರಿಸಬೇಕು. ಬೆಕ್ಕಿನ ದುಂಡುಹುಳುವಾದರೋ ಗರ್ಭದಲ್ಲಿ ದಾಟುವುದಿಲ್ಲ. ಹಾಲಿನ ಮೂಲಕ ಮಾತ್ರ ಮರಿಗಳಿಗೆ ಬರುತ್ತದೆ.

ಕೊಕ್ಕೆಹುಳು ಗಾತ್ರದಲ್ಲಿ ಅತಿ ಚಿಕ್ಕದು. ಆದರೆ ಹಾನಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಇದು ಕರುಳಿನ ಒಳಪೊರೆಯನ್ನು ಹಲ್ಲುಗಳಿಂದ ಕಚ್ಚಿ ಹಿಡಿದು ರಕ್ತವನ್ನು ಹೀರುತ್ತದೆ; ಕಚ್ಚಿದ ಜಾಗವನ್ನು ಬಿಟ್ಟುಹೋದ ಮೇಲೂ ಅಲ್ಲಿಂದ ರಕ್ತ ಸೋರುತ್ತಿರುತ್ತದೆ. ಕೆಲವೇ ವಾರಗಳ ಮರಿಯ ಮೈಯಲ್ಲಿರುವ ರಕ್ತವೇ ಅಲ್ಪ. ಅದರ ವಸಡು ಬಿಳಿಚಿಕೊಂಡು, ಮಲವು ಡಾಂಬರಿನಂತೆ ಕಪ್ಪಾಗಿ, ಎರಡು ಮೂರು ದಿನಗಳಲ್ಲಿಯೇ ಮರಿ ಸತ್ತುಹೋಗಬಹುದು. ಚಾಟಿಹುಳು ದೊಡ್ಡ ಕರುಳಿನಲ್ಲಿ ನೆಲೆಸಿ ಲೋಳೆ, ರಕ್ತಗಳಿಂದ ಕೂಡಿದ ಭೇದಿಯನ್ನು ಉಂಟುಮಾಡುತ್ತದೆ.

ಲಾಡಿಹುಳುಗಳಲ್ಲಿ ಎರಡನ್ನು ಮುಖ್ಯವಾಗಿ ಅರಿಯಬೇಕು. ಡಿಪಿಲಿಡಿಯಮ್ ಎಂಬುದರ ತುಣುಕುಗಳು ಅಕ್ಕಿಕಾಳಿನಂತೆ ಪ್ರಾಣಿಯ ಗುದದ್ವಾರದ ಸುತ್ತ, ಮಲಗುವ ಚಾಪೆಯ ಮೇಲೆ ಕಂಡುಬರುತ್ತವೆ. ಇದನ್ನು ಹರಡುವುದು ಚಿಗಟ. ಮೈ ಕಚ್ಚಿಕೊಳ್ಳುವಾಗ ಚಿಗಟವನ್ನು ನುಂಗಿದ ಪ್ರಾಣಿಯ ಹೊಟ್ಟೆಯಲ್ಲಿ ಈ ಲಾಡಿಹುಳು ಬೆಳೆಯುತ್ತದೆ. ಎಕಿನೊಕಾಕಸ್ ಎಂಬ ಇನ್ನೊಂದು ಲಾಡಿಹುಳು ಕೆಲವೇ ಮಿಲಿಮೀಟರ್ ಉದ್ದದ್ದು; ನಾಯಿಗೆ ಇದರಿಂದ ಯಾವ ತೊಂದರೆಯೂ ಕಾಣುವುದಿಲ್ಲ. ತೊಂದರೆಯೆಲ್ಲವೂ ಮನುಷ್ಯನಿಗೆ.

ಮನೆಯ ಮಕ್ಕಳಿಗೂ ಸಂಬಂಧಿಸಿದ ವಿಷಯ

ದುಂಡುಹುಳುವಿನ ಮೊಟ್ಟೆಗಳು ನಾಯಿಯ ಮಲದೊಡನೆ ಮಣ್ಣನ್ನು ಸೇರುತ್ತವೆ. ಅಲ್ಲಿ ಎರಡರಿಂದ ನಾಲ್ಕು ವಾರಗಳಲ್ಲಿ ಅವುಗಳೊಳಗೆ ಮರಿಹುಳು ಬೆಳೆದು ಸೋಂಕು ತಗುಲಿಸುವ ಶಕ್ತಿ ಬರುತ್ತದೆ. ಆಟವಾಡುವ ಮಗು ಆ ಮಣ್ಣಿನ ಕೈಯನ್ನು ಬಾಯಿಗಿಟ್ಟುಕೊಂಡರೆ ಮೊಟ್ಟೆಗಳು ಹೊಟ್ಟೆ ಸೇರಿ ಒಡೆಯುತ್ತವೆ. ಮನುಷ್ಯನ ಕರುಳಿನಲ್ಲಿ ಆ ಹುಳು ಪೂರ್ಣವಾಗಿ ಬೆಳೆಯಲಾರದು. ಮರಿಹುಳು ದಾರಿ ತಪ್ಪಿದಂತೆ ಯಕೃತ್ತು, ಶ್ವಾಸಕೋಶಗಳಲ್ಲಿ ಅಲೆದಾಡುತ್ತದೆ; ಕೆಲವೊಮ್ಮೆ ಕಣ್ಣನ್ನು ಹೊಕ್ಕು ದೃಷ್ಟಿಗೇ ಹಾನಿ ಮಾಡುತ್ತದೆ. 1950ರಲ್ಲಿ ಕಣ್ಣಿನಲ್ಲಿಯೂ, 1952ರಲ್ಲಿ ಒಳ ಅಂಗಗಳಲ್ಲಿಯೂ ಇಂತಹ ಅಲೆಮಾರಿ ಮರಿಹುಳುಗಳು ಮಕ್ಕಳಿಗೆ ಉಂಟುಮಾಡುವ ರೋಗವನ್ನು ಅಮೆರಿಕದ ವೈದ್ಯರು ವಿವರಿಸಿದರು. ಅದುವರೆಗೆ ನಾಯಿಯ ಹುಳು ನಾಯಿಯ ಪಾಡು ಎಂದೇ ಜನ ತಿಳಿದಿದ್ದರು.

ಕೊಕ್ಕೆಹುಳುವಿನ ಮರಿಗಳು ಒದ್ದೆಯಾದ ಮಣ್ಣಿನಲ್ಲಿ, ಮರಳಿನಲ್ಲಿ ಬರಿಗಾಲಿನಲ್ಲಿ ನಡೆಯುವವರ ಚರ್ಮವನ್ನು ಕೊರೆದು ಒಳಹೊಕ್ಕು, ಹಾವು ಹರಿದಂತೆ ಕೆಂಪು ಗೆರೆಗಳನ್ನು ಮೂಡಿಸುತ್ತವೆ. ಸಹಿಸಲಾಗದ ನವೆಯೂ ಇರುತ್ತದೆ. ಎಕಿನೊಕಾಕಸ್ ಲಾಡಿಹುಳುವಿನ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತಿನಲ್ಲಿಯೋ ಶ್ವಾಸಕೋಶದಲ್ಲಿಯೋ ನೀರು ತುಂಬಿದ ಗುಳ್ಳೆ ನಿಧಾನವಾಗಿ, ವರ್ಷಾನುಗಟ್ಟಲೆ, ಬೆಳೆಯುತ್ತದೆ. ಹೈಡಾಟಿಡ್ ಗುಳ್ಳೆ ಎಂದು ಅದಕ್ಕೆ ಹೆಸರು. ಅನೇಕ ವೇಳೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಕುರಿ, ಮೇಕೆಗಳ ಗುಳ್ಳೆ ತುಂಬಿದ ಅಂಗಗಳನ್ನು ಹಸಿಯಾಗಿ ತಿಂದ ನಾಯಿಯಿಂದ ಈ ರೋಗ ಮನುಷ್ಯನಿಗೆ ಬರುತ್ತದೆ.

ಇದನ್ನೆಲ್ಲ ಕೇಳಿ ನಾಯಿಯನ್ನು ಮನೆಯಿಂದ ಹೊರಗಟ್ಟಬೇಕೆಂದು ಯಾರೂ ಭಾವಿಸಬಾರದು. ಇವೆಲ್ಲವನ್ನೂ ಸುಲಭವಾಗಿ ತಡೆಯಬಹುದು. ತಡೆಯುವ ಬಗೆಯನ್ನು ಅರಿತಿರಬೇಕು, ಅಷ್ಟೆ.

ಗುರುತಿಸುವ ಬಗೆ

ಮೈ ಒಣಗಿ ಹೊಟ್ಟೆ ಮಾತ್ರ ಉಬ್ಬಿರುವುದು, ಕೂದಲು ಕಾಂತಿಹೀನವಾಗುವುದು, ಮರುಕಳಿಸುವ ಭೇದಿ, ವಾಂತಿಯಲ್ಲಿ ಹುಳು ಕಾಣುವುದು, ವಸಡು ಬಿಳಿಚುವುದು, ತಿಂದರೂ ಮೈಗೂಡದಿರುವುದು, ಇವು ಜಂತುಬಾಧೆಯ ಲಕ್ಷಣಗಳು. ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ಸಾಗುವುದನ್ನು ಕಂಡೊಡನೆ ಹುಳುವೆಂದೇ ನಿರ್ಣಯಿಸುವವರುಂಟು. ಅದಕ್ಕೆ ಗುದದ ಪಕ್ಕದ ಗ್ರಂಥಿಗಳು ತುಂಬಿಕೊಂಡಿರುವುದೂ ಕಾರಣವಾಗಿರಬಹುದು. ಹಾಗೆಯೇ ಬೆಲ್ಲ ತಿಂದರೆ, ಹಾಲು ಕುಡಿದರೆ ಹುಳುವಾಗುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಮೊಟ್ಟೆ ಅಥವಾ ಮರಿಹುಳು ಹೊರಗಿನಿಂದ ಇಲ್ಲವೆ ತಾಯಿಯಿಂದ ಬಂದಲ್ಲದೆ ಹುಳು ಹುಟ್ಟಲಾರದು.

ಬಹಳಷ್ಟು ಬೆಳೆದ ನಾಯಿ ಬೆಕ್ಕುಗಳು ಯಾವ ಲಕ್ಷಣವನ್ನೂ ತೋರದೆಯೇ ಹುಳುಗಳನ್ನು ಹೊತ್ತಿರುತ್ತವೆ. ಆದುದರಿಂದ ಮಲಪರೀಕ್ಷೆಯೇ ನಂಬತಕ್ಕ ಮಾರ್ಗ. ಅಂದಿನ ಹೊಸ ಮಲವನ್ನು ಒಂದು ಚಮಚೆಯಷ್ಟು ಮುಚ್ಚಳವುಳ್ಳ ಶೀಷೆಯಲ್ಲಿ ಒಯ್ದರೆ, ಪ್ರಯೋಗಾಲಯದಲ್ಲಿ ಉಪ್ಪಿನ ಅಥವಾ ಸಕ್ಕರೆಯ ಗಟ್ಟಿ ದ್ರಾವಣದಲ್ಲಿ ಕಲಸಿ, ಮೇಲೆ ತೇಲಿಬರುವ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹುಳುವಿನ ಜಾತಿಯನ್ನು ಹೇಳುತ್ತಾರೆ. ಮುಂಬಯಿಯ ಪರೇಲ್, ಚೆನ್ನೈನ ವೇಪೇರಿ, ಹೈದರಾಬಾದಿನ ರಾಜೇಂದ್ರನಗರಗಳಲ್ಲಿ ಪಶುವೈದ್ಯ ಕಾಲೇಜುಗಳಿವೆ. ಇತರ ನಗರಗಳಲ್ಲಿಯೂ ಪಶು ಚಿಕಿತ್ಸಾಲಯಗಳುಂಟು. ಒಂದು ಮಾತನ್ನು ಮಾತ್ರ ನೆನಪಿನಲ್ಲಿಡಬೇಕು. ಹುಳುಗಳು ಇನ್ನೂ ಎಳೆಯವಾಗಿದ್ದಾಗ ಮೊಟ್ಟೆ ಇಡುವುದಿಲ್ಲ. ಲಾಡಿಹುಳುವಿನ ತುಣುಕುಗಳು ಪರೀಕ್ಷೆಯಲ್ಲಿ ತಪ್ಪಿಹೋಗುವುದೂ ಉಂಟು. ಆದುದರಿಂದ ಎಳೆಯ ಮರಿಗಳಿಗೆ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯದೆ ಔಷಧ ಕೊಡಿಸುವುದೇ ರೂಢಿ.

ಮೂಲಿಕೆಗಳ ಪರಂಪರೆ

ಕ್ರಿಮಿರೋಗದ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳನ್ನು ಹೇಳಿ, ಅವುಗಳ ಚಿಕಿತ್ಸೆಯನ್ನು ಮೂರು ಅಂಗಗಳಾಗಿ ವಿಂಗಡಿಸಲಾಗಿದೆ. ಇರುವ ಕ್ರಿಮಿಯನ್ನು ಹೊರತೆಗೆಯುವುದು ಅಪಕರ್ಷಣ. ಕ್ರಿಮಿ ಬೆಳೆಯಲು ಅನುಕೂಲವಾದ ಸ್ಥಿತಿಯನ್ನು ಕೆಡಿಸುವುದು ಪ್ರಕೃತಿವಿಘಾತ. ಕ್ರಿಮಿ ಬರಲು ಕಾರಣವಾದುದನ್ನು ತೊರೆಯುವುದು ನಿದಾನಪರಿವರ್ಜನ. ಮನುಷ್ಯರಿಗಾಗಿ ಹೇಳಿದ ಈ ಕ್ರಮ ಪ್ರಾಣಿಗಳಿಗೂ ಅನ್ವಯಿಸುತ್ತದೆ. ಪಶುವೈದ್ಯದ ಬರವಣಿಗೆ ಕನ್ನಡದಲ್ಲಿಯೂ ಪ್ರಾಚೀನವಾದುದು. ಚಾಲುಕ್ಯ ರಾಜಪುತ್ರ ಕೀರ್ತಿವರ್ಮನು ಸುಮಾರು 12ನೆಯ ಶತಮಾನದಲ್ಲಿ ಗೋವೈದ್ಯ ಎಂಬ ಗ್ರಂಥವನ್ನು ರಚಿಸಿದನು.

ವಾಯುವಿಳಂಗದ ಕಾಳು, ಮುತ್ತುಗದ ಬೀಜ, ದಾಳಿಂಬೆಯ ಬೇರಿನ ತೊಗಟೆ, ಕಂಪಿಲ್ಲಕ ಎನಿಸಿದ ಕುಂಕುಮದ ಮರದ ಕಾಯಿಯ ಮೇಲಿನ ಕೆಂಪು ಪುಡಿ, ಸಿಹಿಗುಂಬಳದ ಬೀಜ, ಬೇವು, ಅಡಿಕೆ, ಬೆಳ್ಳುಳ್ಳಿ, ಇವು ನಮ್ಮ ಜನರು ಹುಳುವಿಗೆ ಬಳಸಿಕೊಂಡು ಬಂದ ಮುಖ್ಯ ವಸ್ತುಗಳು. ಇವುಗಳಲ್ಲಿ ಗುಣವಿಲ್ಲ ಎನ್ನುವಂತಿಲ್ಲ. ವಾಯುವಿಳಂಗದಲ್ಲಿ ಎಂಬೆಲಿನ್, ಮುತ್ತುಗದ ಬೀಜದಲ್ಲಿ ಪಲಾಸೊನಿನ್, ದಾಳಿಂಬೆಯ ತೊಗಟೆಯಲ್ಲಿ ಪೆಲ್ಲೆಟಿಯರೀನ್, ಕುಂಬಳದ ಬೀಜದಲ್ಲಿ ಕುಕುರ್ಬಿಟಿನ್ ಎಂಬ ಸಾರವಸ್ತುಗಳಿರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಆರ್ಟಿಮೀಸಿಯಾ ಕುಲದ ಗಿಡಗಳಿಂದ ತೆಗೆಯುವ ಸ್ಯಾಂಟೋನಿನ್ ಒಂದು ಕಾಲದಲ್ಲಿ ಜಗತ್ತಿನೆಲ್ಲೆಡೆ ದುಂಡುಹುಳುವಿನ ಮದ್ದಾಗಿತ್ತು; ನಮ್ಮ ಕಾಶ್ಮೀರದಲ್ಲಿಯೂ ಅದನ್ನು ತಯಾರಿಸಲಾಗುತ್ತಿತ್ತು.

ಆದರೆ ಗುಣವುಳ್ಳ ವಸ್ತುವಿಗೆ ದೋಷವೂ ಇರುತ್ತದೆ ಎಂಬುದನ್ನು ಮರೆಯಬಾರದು. ಹುಳುವನ್ನು ನಿಶ್ಚೇಷ್ಟಗೊಳಿಸುವ ಶಕ್ತಿಯೇ ಅಳತೆ ಮೀರಿದರೆ ಪ್ರಾಣಿಯನ್ನೂ ಬಾಧಿಸುತ್ತದೆ. ಸ್ಯಾಂಟೋನಿನ್ ಸೇವಿಸಿದವರಿಗೆ ಲೋಕವೆಲ್ಲ ಹಳದಿಯಾಗಿ ಕಾಣುತ್ತಿತ್ತು. ಹೆಚ್ಚಾದರೆ ಸೆಳವು ಬರುತ್ತಿತ್ತು. ಮುತ್ತುಗದ ಬೀಜದ ಪಲಾಸೊನಿನ್, ಕ್ಯಾಂಥರಿಡಿನ್ ಎಂಬ ಉಗ್ರ ವಿಷದ ಹತ್ತಿರದ ಬಂಧು. ಬೇವಿನ ಎಣ್ಣೆ ಕುಡಿಸಿದ್ದರಿಂದ ಎಳೆಯ ಮಕ್ಕಳು ತೀವ್ರವಾಗಿ ಅಸ್ವಸ್ಥರಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.

ಬೆಳ್ಳುಳ್ಳಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ, ಏಕೆಂದರೆ ಅದು ಪ್ರತಿಯೊಂದು ಅಡುಗೆಮನೆಯಲ್ಲಿಯೂ ಇರುತ್ತದೆ. ನಮಗೆ ಹಿತವಾದ ಈರುಳ್ಳಿ, ಬೆಳ್ಳುಳ್ಳಿಗಳು ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕುಗಳಿಗಂತೂ ಸ್ವಲ್ಪವೇ ಸಾಕು. ಕೊಕ್ಕೆಹುಳು ಈಗಾಗಲೇ ರಕ್ತ ಹೀರಿ ಬಸವಳಿಸಿರುವ ಮರಿಗೆ ಬೆಳ್ಳುಳ್ಳಿ ಅರೆದು ಕುಡಿಸಿದರೆ ಉಳಿದ ರಕ್ತವೂ ಕೆಡುತ್ತದೆ. ಹೊಗೆಸೊಪ್ಪಿನ ನೀರು, ಸೀಮೆಎಣ್ಣೆ, ಸುಣ್ಣದ ತಿಳಿ ಮೊದಲಾದುವನ್ನು ಕೊಡುವುದು ಯಾವ ವೈದ್ಯಪದ್ಧತಿಗೂ ಸೇರಿದ್ದಲ್ಲ. ಅದು ಪ್ರಾಣಿಗೆ ವಿಷವಿಟ್ಟಂತೆಯೇ ಸರಿ.

ಅಡಿಕೆಯ ನಿದರ್ಶನ

ಮೂಲಿಕೆಯೊಂದು ಔಷಧವಾಗಿ ಹೇಗೆ ಪರೀಕ್ಷೆಗೊಳಗಾಗುತ್ತದೆ, ಹೇಗೆ ಇನ್ನೂ ಉತ್ತಮವಾದುದಕ್ಕೆ ಸ್ಥಾನ ಬಿಟ್ಟುಕೊಡುತ್ತದೆ ಎಂಬುದಕ್ಕೆ ನಮ್ಮ ಮಲೆನಾಡಿನ ಅಡಿಕೆಯೇ ಒಳ್ಳೆಯ ನಿದರ್ಶನ. ಅಡಿಕೆಯ ಪುಡಿಯನ್ನು ನಾಯಿಯ ಲಾಡಿಹುಳುವಿಗೆ ಕೊಡುವುದು ಭಾರತದಲ್ಲಿಯೂ ಚೀನಾದಲ್ಲಿಯೂ ಹಳೆಯ ರೂಢಿ. 19ನೆಯ ಶತಮಾನದಲ್ಲಿ ಅದರಿಂದ ಅರೆಕೊಲೀನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ಪುಡಿಯಲ್ಲಿ ಎಷ್ಟು ಸಾರವಿದೆ ಎಂಬುದು ಕಾಯಿಯಿಂದ ಕಾಯಿಗೆ ಬದಲಾಗುತ್ತದೆ. ಬೇರ್ಪಡಿಸಿದ ಸಾರವನ್ನಾದರೆ ತೂಗಿ ಕೊಡಬಹುದು.

ಹೈಡಾಟಿಡ್ ರೋಗದಿಂದ ಪೀಡಿತವಾಗಿದ್ದ ನ್ಯೂಜಿಲೆಂಡಿನಲ್ಲಿ 1959ರಲ್ಲಿ ರಾಷ್ಟ್ರವ್ಯಾಪಿ ನಿಯಂತ್ರಣ ಆರಂಭವಾದಾಗ ನಾಯಿಗಳಿಗೆ ಕೊಟ್ಟದ್ದು ಈ ಅರೆಕೊಲೀನನ್ನೇ. ಅದು ಹುಳುವನ್ನು ಸಡಿಲಗೊಳಿಸಿ, ಕರುಳನ್ನು ರಭಸದಿಂದ ಖಾಲಿಮಾಡಿಸುತ್ತದೆ. ಹೊರಬಂದುದನ್ನು ಪರೀಕ್ಷಿಸಿ ಯಾವ ನಾಯಿಯಲ್ಲಿ ಹುಳುವಿದೆ ಎಂದು ನೋಡುತ್ತಿದ್ದರು. ಆದರೆ ಅದು ಕಠಿನವಾದ ಮದ್ದು. ಜೊಲ್ಲು ಸುರಿಯುವುದು, ವಾಂತಿ, ತಡೆಯಲಾಗದ ಭೇದಿ, ಕೆಲವೊಮ್ಮೆ ಕುಸಿದು ಬೀಳುವುದು ಇವೆಲ್ಲವೂ ಉಂಟು. ಬೆಕ್ಕುಗಳಿಗೆ, ಎಳೆಯ ಮರಿಗಳಿಗೆ, ಗಬ್ಬವಾದ ನಾಯಿಗಳಿಗೆ ಅದು ಸಲ್ಲದು. ಕೆಲವು ನಾಯಿಗಳಲ್ಲಿ ಎಲ್ಲ ಹುಳುಗಳೂ ಹೊರಬರುತ್ತಿರಲಿಲ್ಲ. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಎಂಬ ಔಷಧವು ಬಂದ ಮೇಲೆ ಲಾಡಿಹುಳುವಿನ ಚಿಕಿತ್ಸೆ ಸುಲಭವೂ ಸುರಕ್ಷಿತವೂ ಆಯಿತು; ಅರೆಕೊಲೀನ್ ಹಿಂದೆ ಸರಿಯಿತು. 2002ರಲ್ಲಿ ನ್ಯೂಜಿಲೆಂಡ್ ತಾನು ಆ ರೋಗದಿಂದ ತಾತ್ಕಾಲಿಕವಾಗಿ ಮುಕ್ತವಾಗಿರುವುದಾಗಿ ಘೋಷಿಸಿತು. ಅಡಿಕೆ ಸುಳ್ಳಾಗಲಿಲ್ಲ. ಅದಕ್ಕಿಂತ ಮೃದುವಾದ, ಖಚಿತವಾದ ಮದ್ದು ಸಿಕ್ಕಿತು, ಅಷ್ಟೆ.

ಪ್ರಕೃತಿ ಮತ್ತು ಪ್ರಯೋಗಾಲಯ ಪರಸ್ಪರ ವೈರಿಗಳಲ್ಲ ಎಂಬುದಕ್ಕೆ 2015ರ ವೈದ್ಯಕೀಯ ನೊಬೆಲ್ ಪಾರಿತೋಷಕವೂ ಸಾಕ್ಷಿ. ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಐವರ್‌ಮೆಕ್ಟಿನ್ ಎಂಬ ಕ್ರಿಮಿನಾಶಕಕ್ಕೆ ದಾರಿ ಮಾಡಿಕೊಟ್ಟ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್, ಚೀನಾದ ಪ್ರಾಚೀನ ಮೂಲಿಕೆಯೊಂದರಿಂದ ಮಲೇರಿಯಾದ ಔಷಧವನ್ನು ಕಂಡುಹಿಡಿದ ತು ಯೂಯೂ, ಈ ಮೂವರೂ ಅದನ್ನು ಹಂಚಿಕೊಂಡರು. ಗಿಡವನ್ನಾಗಲಿ ಮಣ್ಣನ್ನಾಗಲಿ ಔಷಧವನ್ನಾಗಿಸಿದ್ದು ಪರೀಕ್ಷೆ ಮತ್ತು ಅಳತೆ.

ಇಂದಿನ ಔಷಧಗಳು

ಇಂದು ಪಶುವೈದ್ಯರು ದುಂಡುಹುಳು, ಕೊಕ್ಕೆಹುಳುಗಳಿಗೆ ಪೈರಾಂಟೆಲ್, ಇವೆರಡರ ಜೊತೆಗೆ ಚಾಟಿಹುಳುವಿಗೂ ಫೆನ್‌ಬೆಂಡಜೋಲ್ ಅಥವಾ ಫೆಬಾಂಟೆಲ್, ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಬಳಸುತ್ತಾರೆ. ಹಳೆಯ ಪಿಪರಜೀನ್ ದುಂಡುಹುಳುವಿಗೆ ಮಾತ್ರ ಸಲ್ಲುತ್ತದೆ. ಕೊಕ್ಕೆಹುಳು, ಲಾಡಿಹುಳುಗಳಿಗೆ ಅದರಿಂದ ಪ್ರಯೋಜನವಿಲ್ಲ. ‘ಹುಳುವಿನ ಔಷಧ ಕೊಟ್ಟೆವು, ಆದರೂ ಹುಳು ಹೋಗಲಿಲ್ಲ’ ಎಂಬ ದೂರಿಗೆ ಅನೇಕ ವೇಳೆ ಕಾರಣ ಇದೇ: ಮದ್ದು ಒಂದು ಹುಳುವಿಗೆ, ಹೊಟ್ಟೆಯಲ್ಲಿರುವುದು ಇನ್ನೊಂದು.

ಔಷಧದ ಪ್ರಮಾಣ ನಿರ್ಧಾರವಾಗುವುದು ಪ್ರಾಣಿಯ ತೂಕದಿಂದ. ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಮೂರೂ ಸೇರಿದ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರೆ 10 ಕಿಲೋಗ್ರಾಂ ತೂಕದ ನಾಯಿಗೆಂದು ಇರುತ್ತದೆ. ಬೇರೆ ಬೇರೆ ಬಲದವೂ ಇರುವುದರಿಂದ ಪೊಟ್ಟಣದ ಮೇಲಿನ ಬರಹವನ್ನು ಓದಿಯೇ ಕೊಡಬೇಕು. ಮನೆಯ ತಕ್ಕಡಿಯ ಮೇಲೆ ಮೊದಲು ತಾವು ನಿಂತು, ಬಳಿಕ ಪ್ರಾಣಿಯನ್ನು ಎತ್ತಿಕೊಂಡು ನಿಂತು, ಎರಡರ ವ್ಯತ್ಯಾಸವನ್ನು ನೋಡಿದರೆ ಅದರ ತೂಕ ತಿಳಿಯುತ್ತದೆ. ಕಣ್ಣಂದಾಜು ಸಲ್ಲದು. ಕಡಿಮೆ ಪ್ರಮಾಣದಿಂದ ಹುಳು ಉಳಿಯುವುದಲ್ಲದೆ, ಮದ್ದಿಗೆ ಜಗ್ಗದ ಹುಳುಗಳ ಸಂತತಿ ಬೆಳೆಯಲೂ ಅವಕಾಶವಾಗುತ್ತದೆ. ಅಮೆರಿಕದ ನಾಯಿಗಳಲ್ಲಿ ಹಲವು ಔಷಧಗಳಿಗೂ ಬಗ್ಗದ ಕೊಕ್ಕೆಹುಳುಗಳು ಈಗಾಗಲೇ ಕಂಡುಬಂದಿವೆ.

ಮೂರು ಎಚ್ಚರಿಕೆಗಳನ್ನು ಇಲ್ಲಿ ಹೇಳುವುದು ಅವಶ್ಯ. ಮೊದಲನೆಯದಾಗಿ, ಮನೆಯಲ್ಲಿ ಮಕ್ಕಳಿಗೆಂದು ಇರುವ ಅಲ್ಬೆಂಡಜೋಲ್ ಮಾತ್ರೆಯನ್ನು ನಾಯಿಗೆ ಕೊಡಬಾರದು. 2015ರಿಂದ ಕೇಂದ್ರ ಸರ್ಕಾರವು ರಾಷ್ಟ್ರೀಯ ಜಂತುನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಈ ಔಷಧವನ್ನು ಕೊಡಿಸುತ್ತ ಬಂದಿದೆ. ಮಕ್ಕಳಿಗೆ ಅದು ಹಿತಕರ. ಆದರೆ 400 ಮಿಲಿಗ್ರಾಂ ಮಾತ್ರೆಯ ಅರ್ಧವನ್ನು ಎರಡು ಕಿಲೋ ತೂಕದ ನಾಯಿಮರಿಗೆ ಕೊಟ್ಟರೆ ತೂಕಕ್ಕೆ ತಕ್ಕ ಲೆಕ್ಕವೇ ಉಳಿಯುವುದಿಲ್ಲ. ನಾಯಿ ಬೆಕ್ಕುಗಳಲ್ಲಿ ಆ ಔಷಧ ಎಲುಬಿನ ಮಜ್ಜೆಯನ್ನು ಕುಂದಿಸಿ ರಕ್ತಕಣಗಳ ಉತ್ಪತ್ತಿಗೆ ಅಡ್ಡಿಮಾಡಬಲ್ಲುದು. ಎರಡನೆಯದಾಗಿ, ದನಗಳಿಗೆಂದು ಮಾರುವ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ನಾಯಿಗೆ ಕೊಡಬಾರದು. ಕೋಲಿ ಮೊದಲಾದ ಕೆಲವು ತಳಿಗಳಲ್ಲಿ ಆನುವಂಶಿಕ ಕಾರಣದಿಂದ ಆ ಔಷಧ ಮಿದುಳನ್ನು ಸೇರಿ ಪ್ರಾಣಾಪಾಯ ತರುತ್ತದೆ. ಮೂರನೆಯದಾಗಿ, ಮಾತ್ರೆಯ ಹಿಂದೆಯೇ ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವ ಹಳೆಯ ವಾಡಿಕೆಯನ್ನು ಕೈಬಿಡಬೇಕು. ಇಂದಿನ ಔಷಧಗಳಿಗೆ ಭೇದಿಯ ನೆರವು ಬೇಡ. ಮರಿಯಾದರೋ ನೀರು ಕಳೆದುಕೊಂಡು ನಿತ್ರಾಣವಾಗುತ್ತದೆ.

ನಾಯಿಮರಿಗಳಿಗೆ ಎರಡು ವಾರ ತುಂಬಿದಾಗ ಮೊದಲ ಬಾರಿ, ಅನಂತರ ಎಂಟು ವಾರದವರೆಗೆ ಎರಡು ವಾರಕ್ಕೊಮ್ಮೆ, ಆ ಮೇಲೆ ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ ಔಷಧ ಕೊಡಿಸುವುದು ಒಪ್ಪಿತವಾದ ಕ್ರಮ. ಬೆಕ್ಕಿನ ಮರಿಗಳಿಗೆ ಮೂರನೆಯ ವಾರದಿಂದ ಆರಂಭಿಸಬಹುದು. ಹಾಲೂಡುವ ತಾಯಿಗೂ ಮರಿಗಳ ಜೊತೆಯಲ್ಲಿಯೇ ಕೊಡಬೇಕು. ಬೆಳೆದ ಪ್ರಾಣಿಗಳಿಗೆ ಮೂರು ತಿಂಗಳಿಗೊಮ್ಮೆ ಔಷಧ ಅಥವಾ ಮಲಪರೀಕ್ಷೆ ಆಗಬೇಕು. ಹಸಿಮಾಂಸ ತಿನ್ನುವ, ಕಸಾಯಿಖಾನೆಯ ಸುತ್ತ ಅಲೆಯುವ ನಾಯಿಗಳಿಗೆ ಲಾಡಿಹುಳುವಿನ ಔಷಧ ಇನ್ನೂ ಬೇಗ ಬೇಗ ಬೇಕಾದೀತು. ಇದನ್ನು ಪಶುವೈದ್ಯರೇ ನಿರ್ಧರಿಸಬೇಕು.

ಹಾಗಾದರೆ ಮೂಲಿಕೆಗೆ ಸ್ಥಾನವೇ ಇಲ್ಲವೇ ಎಂದು ತಾವು ಕೇಳಬಹುದು. ಬೆಳೆದ, ಆರೋಗ್ಯವಂತ ಪ್ರಾಣಿಗೆ, ಪಶುವೈದ್ಯರ ಗಮನಕ್ಕೆ ತಂದು, ಪೊಟ್ಟಣದ ಮೇಲೆ ಪ್ರಮಾಣವನ್ನು ನಮೂದಿಸಿದ ಮೂಲಿಕೆಯ ಔಷಧವನ್ನು ಕೊಡಬಯಸುವವರು ಒಂದು ನಿಯಮವನ್ನು ಪಾಲಿಸಲಿ. ಕೊಡುವ ಮೊದಲು ಒಮ್ಮೆ, ಕೊಟ್ಟ 10ರಿಂದ 14 ದಿನಗಳ ಬಳಿಕ ಇನ್ನೊಮ್ಮೆ ಮಲಪರೀಕ್ಷೆ ಮಾಡಿಸಲಿ. ಮೊಟ್ಟೆಗಳು ಇಲ್ಲವಾಗಿದ್ದರೆ ಸಂತೋಷ. ಉಳಿದಿದ್ದರೆ ಹಟ ಹಿಡಿಯದೆ ಬೇರೆ ಔಷಧ ಕೊಡಿಸಲಿ. ಆದರೆ ಎಳೆಯ ಮರಿ, ಗಬ್ಬವಾದ ಅಥವಾ ಹಾಲೂಡುವ ತಾಯಿ, ವಸಡು ಬಿಳಿಚಿದ ಪ್ರಾಣಿ, ಇವುಗಳ ಮೇಲೆ ಇಂತಹ ಪ್ರಯೋಗ ಸಲ್ಲದು. ಅವಕ್ಕೆ ಕಾಯುವಷ್ಟು ಕಾಲಾವಕಾಶವಿರುವುದಿಲ್ಲ.

ಕಾರಣವನ್ನು ತೊರೆಯುವುದು

ಮದ್ದು ಇಂದು ಹೊಟ್ಟೆಯಲ್ಲಿರುವ ಹುಳುವನ್ನು ತೆಗೆಯುತ್ತದೆ. ನಾಳೆ ಬರುವುದನ್ನು ಅದು ತಡೆಯಲಾರದು. ಚರಕ ಸಂಹಿತೆ ನಿದಾನಪರಿವರ್ಜನವೆಂದು ಕರೆದ ಭಾಗ ಮನೆಯವರ ಕೈಯಲ್ಲಿಯೇ ಇದೆ. ಅದಕ್ಕೆ ಹಣವೂ ಬೇಡ.

ಅದರಲ್ಲಿ ಮೊದಲನೆಯದು ಮಲವನ್ನು ಅಂದಂದೇ ತೆಗೆಯುವುದು. ದುಂಡುಹುಳುವಿನ ಮೊಟ್ಟೆ ಸೋಂಕು ತಗುಲಿಸಲು ವಾರಗಳೇ ಬೇಕೆಂದು ಆಗಲೇ ಹೇಳಿದೆ. ಕೊಕ್ಕೆಹುಳುವಿಗೂ ಸುಮಾರು ಒಂದು ವಾರ ಬೇಕು. ಆದುದರಿಂದ ಅದೇ ದಿನ ಕಾಗದದಲ್ಲಿಯೋ ಚೀಲದಲ್ಲಿಯೋ ಎತ್ತಿ ಕಸದ ಡಬ್ಬಿಗೆ ಹಾಕಿದರೆ ಸರಪಳಿ ಅಲ್ಲಿಯೇ ಕಡಿದುಹೋಗುತ್ತದೆ. ಉದ್ಯಾನದಲ್ಲಿ, ಕಟ್ಟಡದ ಅಂಗಳದಲ್ಲಿ ಬಿಟ್ಟುಬಂದರೆ ಮಳೆಗೆ ಕರಗಿ ಮಣ್ಣಿಗಿಳಿದ ಮೊಟ್ಟೆಗಳು ವರ್ಷಗಟ್ಟಲೆ ಜೀವಂತವಾಗಿರುತ್ತವೆ. ಅಲ್ಲಿ ಆಡುವವರು ನಮ್ಮ ಮಕ್ಕಳೇ, ನೆರೆಹೊರೆಯವರ ಮಕ್ಕಳೇ. ನೆಲಕ್ಕೆ ಫಿನಾಯಿಲ್ ಸುರಿದರೆ ಮೊಟ್ಟೆ ಸಾಯುತ್ತದೆ ಎಂಬುದು ತಪ್ಪು ಕಲ್ಪನೆ. ಅದರ ಚಿಪ್ಪು ಅಷ್ಟು ಗಟ್ಟಿ. ಫಿನಾಯಿಲ್ ಬೆಕ್ಕಿಗೆ ವಿಷವೂ ಹೌದು. ಕುದಿಯುವ ನೀರು, ಉಜ್ಜಿ ತೊಳೆಯುವುದು, ಬಿಸಿಲು, ಇವು ಉತ್ತಮ.

ಎರಡನೆಯದು ಚಿಗಟದ ನಿವಾರಣೆ. ಚಿಗಟವನ್ನು ಉಳಿಸಿ ಲಾಡಿಹುಳುವಿಗೆ ಎಷ್ಟು ಸಲ ಮಾತ್ರೆ ಕೊಟ್ಟರೂ ಕೆಲವೇ ವಾರಗಳಲ್ಲಿ ಅಕ್ಕಿಕಾಳುಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಪ್ರಾಣಿಯ ಮೈಗೆ ಪಶುವೈದ್ಯರು ಹೇಳಿದ ಔಷಧವನ್ನೇ ಬಳಸಬೇಕು. ನಾಯಿಗೆಂದು ಮಾಡಿದ ಪರ್ಮೆತ್ರಿನ್ ಇರುವ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ಅದು ಸತ್ತುಹೋಗಬಹುದು.

ಮೂರನೆಯದು ಆಹಾರ. ಕುರಿ, ಮೇಕೆಗಳ ಯಕೃತ್ತು, ಶ್ವಾಸಕೋಶಗಳನ್ನು ಹಸಿಯಾಗಿ ನಾಯಿಗೆ ಹಾಕಬಾರದು. ಚೆನ್ನಾಗಿ ಬೇಯಿಸಿಯೇ ಕೊಡಬೇಕು. ಈ ಒಂದು ಅರಿವಿನಿಂದಲೇ ದೇಶವೊಂದು ರೋಗವನ್ನು ಗೆದ್ದ ಇತಿಹಾಸವುಂಟು. 19ನೆಯ ಶತಮಾನದಲ್ಲಿ ಕುರಿಸಾಕಣೆಯ ನಾಡಾದ ಐಸ್‌ಲೆಂಡಿನಲ್ಲಿ ಹೈಡಾಟಿಡ್ ರೋಗ ಮನೆಮನೆಯ ಪಿಡುಗಾಗಿತ್ತು. ಹರಾಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ವಿದ್ವಾಂಸರು ಅಲ್ಲಿಗೆ ಹೋಗಿ ಅಭ್ಯಾಸ ಮಾಡಿ, 1864ರಲ್ಲಿ ಅಲ್ಲಿನ ಜನರ ಭಾಷೆಯಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ಗುಳ್ಳೆಯಿರುವ ಅಂಗಗಳನ್ನು ನಾಯಿಗೆ ಹಾಕಬೇಡಿ, ನಾಶಪಡಿಸಿ ಎಂಬುದು ಅದರ ತಿರುಳು. ಆ ಹೊತ್ತಗೆ ಮನೆಮನೆಗೆ ಹಂಚಲ್ಪಟ್ಟಿತು. ಓದುವ ಅಭ್ಯಾಸವಿದ್ದ ಜನ ಅದನ್ನು ಓದಿ, ಹೇಳಿದಂತೆ ನಡೆದರು. ನಾಯಿಗಳಿಗೆ ಔಷಧ ಕೊಡಿಸುವ ನಿಯಮಗಳು ಆ ಬಳಿಕ ಬಂದವು. 20ನೆಯ ಶತಮಾನದಲ್ಲಿ ರೋಗವು ಆ ದ್ವೀಪದಿಂದ ಅಳಿದುಹೋಯಿತು. ಪ್ರಾಜಿಕ್ವಾಂಟೆಲ್ ಇನ್ನೂ ಹುಟ್ಟಿರದಿದ್ದ ಕಾಲದಲ್ಲಿಯೇ ರೋಗದ ಬೆನ್ನು ಮುರಿದದ್ದು ಜನರ ತಿಳಿವಳಿಕೆ.

ನಾಲ್ಕನೆಯದು ಕೈಗಳ ಶುಚಿತ್ವ. ಪ್ರಾಣಿಯನ್ನು ಮುದ್ದಿಸಿದ ಮೇಲೆ, ಮಣ್ಣಿನಲ್ಲಿ ಆಡಿದ ಮೇಲೆ, ಊಟಕ್ಕೆ ಮೊದಲು ಸಾಬೂನಿನಿಂದ ಕೈತೊಳೆಯುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸಬೇಕು. ಹಸಿಯಾಗಿ ತಿನ್ನುವ ತರಕಾರಿಗಳನ್ನು ಚೆನ್ನಾಗಿ ತೊಳೆಯಬೇಕು. ಮಕ್ಕಳು ಆಡುವ ಮರಳುಗುಂಡಿಗಳನ್ನು ರಾತ್ರಿ ಮುಚ್ಚಿಡಬೇಕು.

ಸಾರಾಂಶವಾಗಿ ಹೇಳುವುದಾದರೆ, ಹುಳುವಿನ ಜಾತಿಯನ್ನು ಪರೀಕ್ಷೆಯಿಂದ ತಿಳಿಯಿರಿ. ಪ್ರಾಣಿಯನ್ನು ತೂಗಿ ನೋಡಿ. ಪಶುವೈದ್ಯರು ಹೇಳಿದ ಔಷಧವನ್ನು ಹೇಳಿದ ದಿನಗಳಲ್ಲಿ ಕೊಡಿ. ಮೂಲಿಕೆಯನ್ನು ಗೌರವಿಸಿ, ಆದರೆ ಅಳತೆಯಿಲ್ಲದೆ ಬಳಸಬೇಡಿ. ಮಲವನ್ನು ಅಂದಂದೇ ತೆಗೆಯಿರಿ. ನಾಯಿ ಬೆಕ್ಕುಗಳು ತಮ್ಮ ಹೊಟ್ಟೆಯ ನೋವನ್ನು ಬಾಯಿಬಿಟ್ಟು ಹೇಳಲಾರವು. ಮನೆಯ ಎಳೆಗೂಸು ಕೂಡ ಹೇಳಲಾರದು. ಇವೆರಡರ ಪರವಾಗಿಯೂ ಎಚ್ಚರದಿಂದಿರಬೇಕಾದುದು ಮನೆಯ ಹಿರಿಯರ ಕರ್ತವ್ಯ.